ಬಾಯಿಬಿಡಬೇಡಿ, ಪೇಟೆಂಟ್ ಹೋಗುತ್ತೆ

ಈಳಿಗೆಮಣೆಯ ತುದಿಗೆ ಮೊಬೈಲ್ ಸ್ಟ್ಯಾಂಡ್ ಸಿಕ್ಕಿಸಿದರೆ ಕಾಯಿ ತುರಿಯುತ್ತಲೇ ಧಾರಾವಾಹಿ ನೋಡಬಹುದಲ್ಲ ಎಂದು ಹೊಳೆದದ್ದೇ ತಡ, ನಾನು ಮನೆಯಲ್ಲಿ ಪಿಸುಗುಡಲು ಶುರುಮಾಡಿದೆ. ದೊಡ್ಡ ಕಂಪನಿಗಳ ಕಿವಿ ಎಲ್ಲೆಲ್ಲಿರುತ್ತದೋ! ಸ್ಟಾಂಪ್ ಪೇಪರಿನಲ್ಲಿ ಗೌಪ್ಯತಾ ಒಪ್ಪಂದ ಬರೆಸಿ ಹೆಂಡತಿಯ ಮುಂದಿಟ್ಟೆ. ಅವಳು ಓದದೆ ಸಹಿ ಹಾಕಿ, ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆದಳು.

ನಕ್ಷೆಯನ್ನು ನನ್ನ ವಿಳಾಸಕ್ಕೇ ಅಂಚೆಯಲ್ಲಿ ಕಳಿಸಿಕೊಂಡು ಒಡೆಯದೆ ಇಟ್ಟರೆ ಮುದ್ರೆಯೇ ಸಾಕ್ಷಿ ಎಂದು ಗೆಳೆಯನೊಬ್ಬ ಉಪದೇಶಿಸಿದ. ಕಳಿಸಿದೆ. ಕೋರ್ಟ್ ನೋಟಿಸೇನೋ ಎಂದು ಗಾಬರಿಯಾದ ಅಮ್ಮ ಒಡೆದು, ಪಕ್ಕದ ಮನೆ ಮೇಷ್ಟ್ರ ಹತ್ತಿರ ಓದಿಸಿದರು.

ಇಷ್ಟು ಭದ್ರತೆಯೊಂದಿಗೆ ಪೀಣ್ಯದ ಪಾತ್ರೆ ಕಂಪನಿಯೊಂದಕ್ಕೆ ಹೋದೆ.

"ಏನ್ ಸಾರ್ ಪ್ರಾಡಕ್ಟು?" ಎಂದರು ಮ್ಯಾನೇಜರು.

"ಅಡುಗೆಮನೆಗೆ ಸಂಬಂಧಪಟ್ಟಿದ್ದು. ಮಿಕ್ಕಿದ್ದು ನೀವು ಸಹಿ ಹಾಕಿದ ಮೇಲೆ."

ಅವರು ತಮ್ಮದೇ ಕಾಗದ ಮುಂದೆ ಸರಿಸಿದರು. ನಾನು ಹೇಳುವ ಯಾವುದೂ ಗುಟ್ಟಲ್ಲ, ಪೇಟೆಂಟ್ ಇದ್ದರೆ ಅದೊಂದೇ ನನಗೆ ಆಸರೆ ಎಂದು ಅದರಲ್ಲಿತ್ತು. ಅವರ ಭಯವೂ ನ್ಯಾಯವೇ. ಅವರ ಎಂಜಿನಿಯರಿಗೇ ಅದು ಹೋದ ವರ್ಷ ಹೊಳೆದಿದ್ದರೆ, ನಾಳೆ ನಾನು ಕಳ್ಳ ಕಳ್ಳ ಎಂದು ಕೂಗುವುದಿಲ್ಲ ಎನ್ನಲು ಖಾತರಿಯೇನು? ಅವರ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ, ನನ್ನದಕ್ಕೆ ಅವರು ಹಾಕಲಿಲ್ಲ. ಕಾಫಿ ಚೆನ್ನಾಗಿತ್ತು.

ಪೇಟೆಂಟ್ ಏಜೆಂಟರ ಮುಂದೆ ಕೊನೆಗೂ ಬಾಯಿಬಿಟ್ಟೆ. ಬರೀ ಐಡಿಯಾಗೆ ಪೇಟೆಂಟ್ ಸಿಗದು, ಅದು ಹೇಗೆ ಕೆಲಸ ಮಾಡುತ್ತದೆಂದು ಬರೆಯಬೇಕು. 1600 ರೂಪಾಯಿ ಕಟ್ಟಿ ಚೆನ್ನೈ ಕಚೇರಿಗೆ ಆನ್‌ಲೈನಿನಲ್ಲಿ ತಾತ್ಕಾಲಿಕ ಅರ್ಜಿ ಹಾಕಿದರೆ, ಪೂರ್ಣ ವಿವರ ಸಲ್ಲಿಸಲು 12 ತಿಂಗಳು ಸಿಗುತ್ತದೆ ಎಂದರು. ನಾನು ಪರ್ಸು ತೆಗೆದೆ. "ತಾಳಿ" ಎಂದು 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ತೆರೆದು, ಎಫ್ ಉಪವಿಧಿ ತೋರಿಸಿದರು. ಗೊತ್ತಿರುವ ಸಾಧನಗಳನ್ನು ಸುಮ್ಮನೆ ಜೋಡಿಸಿಟ್ಟು, ಅವು ತಮ್ಮ ಪಾಡಿಗೆ ತಾವು ಹಿಂದಿನಂತೆಯೇ ನಡೆದುಕೊಂಡು ಹೋಗುತ್ತಿದ್ದರೆ ಅದು ಆವಿಷ್ಕಾರವಲ್ಲವಂತೆ. (ನಮ್ಮ ದಾಂಪತ್ಯಕ್ಕೂ ಈ ಉಪವಿಧಿ ಅನ್ವಯಿಸುತ್ತದೆ.)

"ಆಕಾರ ಹೊಸದಾಗಿದ್ದರೆ ಡಿಸೈನ್ ನೋಂದಣಿ ಮಾಡಿಸಬಹುದು. 10 ವರ್ಷ, ಆಮೇಲೆ ಇನ್ನೂ 5. ಆದರೆ ಮೊದಲೇ ಎಲ್ಲೂ ಬಯಲಾಗಿರಬಾರದು. ಯಾರಿಗೂ ತೋರಿಸಿಲ್ಲ ತಾನೇ?"

ನಾನು ತೋರಿಸಿರಲಿಲ್ಲ. ನಾದಿನಿಯ ಸೀಮಂತಕ್ಕೆ ನನ್ನ ಹೆಂಡತಿ ಮಾದರಿಯನ್ನೇ ಹೊತ್ತೊಯ್ದು, ಅದರ ಮೇಲೆ ಕೂತು ಕಾಯಿ ತುರಿದು, ನೆಂಟರೆಲ್ಲ ಸರದಿಯ ಮೇಲೆ ಕೂತು ನೋಡಿ, ವಿಡಿಯೋ ಯೂಟ್ಯೂಬಿಗೂ ಏರಿತ್ತು. ಸರ್ಕಾರ ಗೆಜೆಟ್‌ನಲ್ಲಿ ಸಾರಿದ ವಸ್ತುಪ್ರದರ್ಶನದಲ್ಲಿ ತೋರಿಸಿದ್ದರೆ ಕಾನೂನಿನಲ್ಲಿ ಒಂದಿಷ್ಟು ರಿಯಾಯಿತಿ ಇದೆಯಂತೆ. ನಾದಿನಿಯ ಸೀಮಂತ ಗೆಜೆಟ್‌ನಲ್ಲಿ ಬಂದಿರಲಿಲ್ಲ.

ಮಾದರಿ ಮಾಡಿಕೊಟ್ಟಿದ್ದ ಆಚಾರಿಯಿಂದ ಸಹಿ ತೆಗೆದುಕೊಳ್ಳುವುದು ನನಗೆ ಹೊಳೆದೇ ಇರಲಿಲ್ಲ. ಮೊನ್ನೆ ಅವರ ಅಂಗಡಿಯ ಮುಂದೆ ಸ್ಟ್ಯಾಂಡ್ ಇರುವ ಈಳಿಗೆಮಣೆಗಳು ಸಾಲಾಗಿ ನಿಂತಿದ್ದವು; ಫೋನ್ ಜಾರದ ಹಾಗೆ ಒಂದು ಪಟ್ಟಿ ಬೇರೆ ಸೇರಿಸಿದ್ದರು. ನಾನು ಅದರ ಫೋಟೋ ತೆಗೆಯಲು ಹೋದರೆ ಆಚಾರಿ ಕೈ ಅಡ್ಡ ಹಿಡಿದರು.

"ಫೋಟೋ ಬೇಡ ಸಾರ್. ಈಗಿನ ಜನಾನ ನಂಬಕ್ಕಾಗಲ್ಲ, ಕಾಪಿ ಹೊಡೆದುಬಿಡ್ತಾರೆ."