ಆರು ಕೈ ಕಂಡ ಪಿಸ್ತೂಲಿನ ಜೊತೆ ನಾಲ್ಕು ಮಾತು

ಜೇಮ್ಸ್ ಬಾಂಡ್ ಬದಲಾಗುವ ಕಾಲ ಬಂದಾಗಲೆಲ್ಲ ಇಂಗ್ಲೆಂಡಿನಲ್ಲಿ ಬಾಜಿ ಕಟ್ಟುವವರಿಗೆ ಸುಗ್ಗಿ. ನಟರನ್ನು ಕೇಳಿದರೆ ನಕ್ಕು ಜಾರಿಕೊಳ್ಳುತ್ತಾರೆ, ನಿರ್ಮಾಪಕರಂತೂ ಬಾಯಿ ಬಿಡುವುದಿಲ್ಲ. ಹಾಗಾಗಿ ಕಾನರಿಯಿಂದ ಕ್ರೇಗ್‌ವರೆಗೆ ಎಲ್ಲರ ಕೈಬೆವರನ್ನೂ ಬಲ್ಲ ಒಬ್ಬರನ್ನೇ ಹಿಡಿದೆವು. ಹೆಸರು ವಾಲ್ಥರ್ ಪಿಪಿಕೆ. ಹುಟ್ಟೂರು ಜರ್ಮನಿ, ಕ್ಯಾಲಿಬರ್ 7.65 ಮಿಲಿಮೀಟರ್, ಮ್ಯಾಗಜೀನಿನಲ್ಲಿ ಏಳು ಗುಂಡು, ಮೂಗಿನ ತುದಿಯಲ್ಲಿ ಕೋಪ.

ಪ್ರಶ್ನೆ: ಕೆಲಸಕ್ಕೆ ಸೇರಿದ ಮೊದಲ ದಿನ ನೆನಪಿದೆಯೇ?

ವಾಲ್ಥರ್: ಮರೆಯೋದು ಹೇಗೆ? ನಾನು ಬಂದದ್ದೇ ಇನ್ನೊಬ್ಬರನ್ನು ಎಬ್ಬಿಸಿದ ಕುರ್ಚಿಗೆ. 1953ರಲ್ಲಿ ಇಯಾನ್ ಫ್ಲೆಮಿಂಗ್ ‘ಕ್ಯಾಸಿನೊ ರಾಯಲ್’ ಪ್ರಕಟಿಸಿದಾಗ ಬಾಂಡ್ ಹತ್ತಿರ ಇದ್ದದ್ದು ಇಟಲಿಯ ಬೆರೆಟ್ಟಾ. 1956ರಲ್ಲಿ ಗ್ಲಾಸ್ಗೋದ ಜೆಫ್ರಿ ಬೂತ್‌ರಾಯ್ಡ್ ಅನ್ನೋ ಬಂದೂಕು ಪರಿಣತರು, ಅದು ಹೆಂಗಸರ ಬಂದೂಕು, ಗೂಢಚಾರನಿಗೆ ಒಪ್ಪೋದಿಲ್ಲ ಅಂತ ಲೇಖಕರಿಗೆ ಕಾಗದ ಬರೆದರು. ನಾನೇ ಅವರ ಮೊದಲ ಆಯ್ಕೆ ಅಂದುಕೊಳ್ಳಬೇಡಿ. ಅವರು ಮೊದಲು ಶಿಫಾರಸು ಮಾಡಿದ್ದು ಅಮೆರಿಕದ ಸ್ಮಿತ್ ಅಂಡ್ ವೆಸನ್ ರಿವಾಲ್ವರನ್ನು. ಆಟೊಮ್ಯಾಟಿಕ್ಕೇ ಬೇಕು ಅಂತಿದ್ದರೆ ಇವನಾದರೂ ಇರಲಿ ಅಂತ ನನ್ನ ಹೆಸರು. 1958ರ ‘ಡಾಕ್ಟರ್ ನೋ’ ಕಾದಂಬರಿಯಲ್ಲಿ ಬೆರೆಟ್ಟಾವನ್ನು ಕಿತ್ತು ನನ್ನನ್ನು ಕೊಟ್ಟರು. ಬೂತ್‌ರಾಯ್ಡ್ ಋಣ ತೀರಿಸೋದಕ್ಕೆ ಆಯುಧ ಅಧಿಕಾರಿಯ ಪಾತ್ರಕ್ಕೆ ಅವರದ್ದೇ ಹೆಸರಿಟ್ಟರು. ಈಗ ಹೇಳಿ, ಬಾಂಡ್ ಬದಲಾಗೋದಕ್ಕೆ ಮೊದಲು ಬದಲಾದವರು ಯಾರು? ನಾವೇ ತಾನೇ?

ಪ್ರಶ್ನೆ: ಆದರೂ ಅಸಲಿ ಬಾಂಡ್ ಅಂದರೆ ಶಾನ್ ಕಾನರಿಯೇ ಎನ್ನುತ್ತಾರೆ.

ವಾಲ್ಥರ್: ಅಸಲಿ! (ನಗುತ್ತದೆ. ನಗುವಾಗ ಸೇಫ್ಟಿ ಹಾಕಿಕೊಳ್ಳುವಂತೆ ವಿನಂತಿಸಿದೆವು.) 1954ರಲ್ಲೇ ಅಮೆರಿಕದ ಸಿಬಿಎಸ್ ಟೀವಿಯಲ್ಲಿ ಬ್ಯಾರಿ ನೆಲ್ಸನ್ ಅನ್ನೋರು ಬಾಂಡ್ ಆಗಿದ್ದರು. ಬ್ರಿಟಿಷರಲ್ಲ, ಅಮೆರಿಕದವರು. ಕೆಲವರು ಕರೀತಿದ್ದದ್ದು ‘ಜಿಮ್ಮಿ’ ಅಂತ. ಸರಿ, ಟೀವಿ ಬಿಡಿ, ಸಿನಿಮಾಕ್ಕೇ ಬನ್ನಿ. 1962ರ ‘ಡಾಕ್ಟರ್ ನೋ’ ಶುರುವಾಗ್ತಿದ್ದ ಹಾಗೇ ಬಂದೂಕಿನ ನಳಿಗೆಯೊಳಗಿಂದ ಕಾಣೋ ಆ ಬಿಳಿ ವೃತ್ತ ನೆನಪಿದೆಯಲ್ಲ? ಅದರಲ್ಲಿ ನಡೆದು ಬಂದು ತಿರುಗಿ ಗುಂಡು ಹಾರಿಸೋರು ಕಾನರಿಯಲ್ಲ, ಬಾಬ್ ಸಿಮನ್ಸ್ ಅನ್ನೋ ಸ್ಟಂಟ್ ಮಾಸ್ಟರ್. ಮೊದಲ ಮೂರು ಚಿತ್ರಗಳಲ್ಲೂ ಅವರೇ. ಅಂದರೆ ಹಿರಿತೆರೆಯ ಮೇಲೆ ಕಂಡ ಮೊಟ್ಟಮೊದಲ ಬಾಂಡೇ ಬದಲಿ ಆಳು.

ಕಾನರಿಯನ್ನು ಕಂಡು ಫ್ಲೆಮಿಂಗ್ ಮೊದಮೊದಲು ಮುಖ ಸಿಂಡರಿಸಿದ್ದರು. ಎಡಿನ್‌ಬರೋದಲ್ಲಿ ಮನೆಮನೆಗೆ ಹಾಲು ಹಾಕಿದ ಹುಡುಗ, ಈ ಮೈಕಟ್ಟಿಗೆ ನನ್ನ ನಾಜೂಕಿನ ನಾಯಕನೇ ಅಂತ. ನಿರ್ದೇಶಕ ಟೆರೆನ್ಸ್ ಯಂಗ್ ಕಾನರಿಯನ್ನು ತಮ್ಮ ದರ್ಜಿ ಆಂಥೊನಿ ಸಿಂಕ್ಲೇರ್ ಅಂಗಡಿಗೆ ಕರೆದೊಯ್ದು ಸೂಟು ಹೊಲಿಸಿದರು. ಆಮೇಲೆ ಚಿತ್ರ ಓಡಿತು. ಓಡಿದ ಮೇಲೆ ಕೇಳಬೇಕೆ, 1964ರ ಕಾದಂಬರಿಯಲ್ಲಿ ಬಾಂಡ್‌ನ ತಂದೆ ಸ್ಕಾಟ್ಲೆಂಡಿನವರು ಅಂತ ಫ್ಲೆಮಿಂಗ್ ತಾವೇ ಬರೆದರು. ನಟನಿಗಾಗಿ ಪಾತ್ರದ ಅಪ್ಪನೇ ಬದಲಾದ! ನಿಮ್ಮ ಅಸಲಿ ಇಷ್ಟು.

ಪ್ರಶ್ನೆ: ನೀವಾದರೂ ಎಲ್ಲ ಕಡೆ ಅಸಲಿಯೇ ಇದ್ದಿರಲ್ಲ?

ವಾಲ್ಥರ್: (ದೀರ್ಘ ಮೌನ.) ಆ ವಿಷಯ ಎತ್ತಬಾರದಿತ್ತು. ‘ಫ್ರಮ್ ರಷ್ಯಾ ವಿತ್ ಲವ್’ ಪೋಸ್ಟರಿಗೆ ಫೋಟೊ ತೆಗೆಯುವ ದಿನ ನನ್ನನ್ನು ತರೋದನ್ನೇ ಮರೆತಿದ್ದರು. ಛಾಯಾಗ್ರಾಹಕ ಡೇವಿಡ್ ಹರ್ನ್ ತಮ್ಮ ಸ್ವಂತ ಗಾಳಿ ಪಿಸ್ತೂಲು ಕೊಟ್ಟರು. ಕಾನರಿ ಅದನ್ನು ಕೆನ್ನೆಗೆ ಆನಿಸಿಕೊಂಡು ನಿಂತ ಭಂಗಿ ಲೋಕಪ್ರಸಿದ್ಧವಾಯಿತು. ಅದೂ ವಾಲ್ಥರ್ ಕಂಪನಿಯದ್ದೇ, ನನ್ನ ದಾಯಾದಿ ಅನ್ನಿ. ನಳಿಗೆ ಮಾತ್ರ ನನ್ನದಕ್ಕಿಂತ ಉದ್ದ. ಜನಕ್ಕೆ ಉದ್ದ ನಳಿಗೆಯೇ ಚಂದ ಕಂಡಿತು. ಮುಂದಿನ ಪ್ರಶ್ನೆ ಕೇಳಿ.

ಪ್ರಶ್ನೆ: ರಾಜರ್ ಮೂರ್?

ವಾಲ್ಥರ್: ಸಜ್ಜನರು. ಆದರೆ ಬಂದೂಕು ಕಂಡರೆ ಭಯ! ಗುಂಡು ಹಾರೋದಕ್ಕೆ ಮೊದಲೇ ಕಣ್ಣು ಮಿಟುಕಿಸೋರು. ಇನ್ನೊಂದು ತಮಾಷೆ ಕೇಳಿ. ಫ್ಲೆಮಿಂಗ್ ಬರೆದ ಪ್ರಕಾರ ‘ಡಬಲ್ ಓ’ ವಿಭಾಗದಲ್ಲಿ ನಿವೃತ್ತಿ ವಯಸ್ಸು 45. ಮೂರ್ ಅವರ ಮೊದಲ ಬಾಂಡ್ ಚಿತ್ರ 1973ರಲ್ಲಿ ತೆರೆಗೆ ಬಂದಾಗ ಅವರಿಗೆ ಆಗಲೇ 45. ಕೊನೆಯದು ಬಂದಾಗ 57. ನಿವೃತ್ತಿಯ ವಯಸ್ಸಿಗೆ ಸೇರಿ ಹನ್ನೆರಡು ವರ್ಷ ಎಕ್ಸ್‌ಟೆನ್ಷನ್ ಪಡೆದ ಸರ್ಕಾರಿ ನೌಕರ ಇನ್ನೆಲ್ಲಾದರೂ ಇದ್ದರೆ ಹೇಳಿ.

ಪ್ರಶ್ನೆ: ಕಾಲ ಕಳೆದಂತೆ ಪಾತ್ರ ಬೆಳೆಯಿತು, ಮಾಗಿತು ಎನ್ನುತ್ತಾರೆ ವಿಮರ್ಶಕರು.

ವಾಲ್ಥರ್: ವಿಮರ್ಶಕರು ಹೊಟ್ಟೆಪಾಡಿಗೆ ಏನಾದರೂ ಹೇಳಬೇಕಲ್ಲ. ಕಂಕುಳಲ್ಲಿ ನೇತಾಡ್ತಿದ್ದ ನನಗೆ ಕಂಡದ್ದು ಬೇರೆ. ‘ದ ಸ್ಪೈ ಹೂ ಲವ್ಡ್ ಮಿ’ ಕೊನೆಯಲ್ಲಿ ಮುಂದಿನ ಚಿತ್ರ ‘ಫಾರ್ ಯುವರ್ ಐಸ್ ಓನ್ಲಿ’ ಅಂತ ಪ್ರಕಟಿಸಿದ್ದರು. ಅದೇ 1977ರಲ್ಲಿ ‘ಸ್ಟಾರ್ ವಾರ್ಸ್’ ಬಂದು ದುಡ್ಡು ಬಾಚಿತು. ಪ್ರಕಟಿಸಿದ್ದು ಮೂಲೆಗೆ ಹೋಯಿತು, 1979ರಲ್ಲಿ ಬಾಂಡ್ ಬಾಹ್ಯಾಕಾಶಕ್ಕೆ ಹೋದ. ಇದಕ್ಕೆ ಮಾಗೋದು ಅಂತೀರಾ? ಬರ್ಲಿನ್ ಗೋಡೆ ಬಿದ್ದಾಗ ನಮಗೆಲ್ಲ ಕೆಲಸ ಹೋಯಿತು ಅಂದುಕೊಂಡೆ. ಕೋರ್ಟು ವ್ಯಾಜ್ಯವೂ ಸೇರಿ 1989ರಿಂದ 1995ರವರೆಗೆ ಡ್ರಾಯರಿನಲ್ಲಿ ಮಲಗಿದ್ದೆ. ಎದ್ದು ನೋಡಿದರೆ ಮೇಲಧಿಕಾರಿಯ ಕುರ್ಚಿಯಲ್ಲಿ ಜೂಡಿ ಡೆಂಚ್. ಎದುರಿಗೆ ನಿಂತ ಹೊಸ ಬಾಂಡ್ ಬ್ರಾಸ್ನನ್‌ಗೆ, ನೀನು ಹೆಂಗಸರನ್ನು ಕೀಳಾಗಿ ಕಾಣೋ ಹಳೇ ಡೈನೊಸಾರ್ ಅಂತ ಮುಖಕ್ಕೆ ಹೊಡೆದಂತೆ ಹೇಳಿದರು. ಕತೆಗಾರರು ಜಾಣರು ರೀ. ಊರವರು ಬೈಯೋದನ್ನು ತಾವೇ ಮೊದಲು ಬೈದು, ಅದೇ ಆಳಿನಿಂದ ಅದೇ ಕೆಲಸ ಮಾಡಿಸಿದರು.

ಒಂದೇ ಒಂದು ಬದಲಾವಣೆಯನ್ನು ಒಪ್ಪುತ್ತೇನೆ. 2006ರಲ್ಲಿ ಡೇನಿಯಲ್ ಕ್ರೇಗ್ ಬಂದಾಗ ಪೆಟ್ಟು ಬಿದ್ದರೆ ನೋವು ಅಂತ ಬಾಂಡ್‌ಗೆ ಮೊದಲ ಸಲ ಗೊತ್ತಾಯಿತು. ಆತನ ಕೂದಲು ಹೊಂಬಣ್ಣದ್ದು ಅಂತ ಜನ ಚಿತ್ರ ಬರೋ ಮೊದಲೇ ಬಹಿಷ್ಕಾರ ಹಾಕಿದ್ದರು. ಕೂದಲಿಗೆ!

ಪ್ರಶ್ನೆ: ಈಗ ಬಣ್ಣ, ಲಿಂಗ, ದೇಶದ ಚರ್ಚೆ ಜೋರಾಗಿದೆ. ಬಾಂಡ್ ಬ್ರಿಟಿಷ್ ಬಿಳಿಯನೇ ಆಗಿರಬೇಕೇ?

ವಾಲ್ಥರ್: ಬಾಂಡ್ ಆಗಿದ್ದ ಲೇಜನ್‌ಬಿ ಆಸ್ಟ್ರೇಲಿಯಾದವರು, ಬ್ರಾಸ್ನನ್ ಐರ್ಲೆಂಡಿನವರು. ನನ್ನ ಕತೆ ಇನ್ನೂ ಚೆನ್ನಾಗಿದೆ. ಬರ್ಲಿನ್ ಬಂಕರಿನಲ್ಲಿ ಹಿಟ್ಲರ್ ತಲೆಗೆ ಇಟ್ಟುಕೊಂಡದ್ದು ನನ್ನದೇ ಕುಲದ ಪಿಸ್ತೂಲನ್ನು. ಅದಾಗಿ ಹದಿಮೂರೇ ವರ್ಷಕ್ಕೆ ಬ್ರಿಟನ್ನಿನ ರಾಣಿಯ ಗೂಢಚಾರ ನನ್ನನ್ನು ಎದೆಗೆ ಕಟ್ಟಿಕೊಂಡ. ಆಗ ಯಾರೂ ನನ್ನ ಪಾಸ್‌ಪೋರ್ಟ್ ಕೇಳಲಿಲ್ಲ. 2021ರಲ್ಲಿ 007 ಅನ್ನೋ ನಂಬರನ್ನು ಲಶಾನಾ ಲಿಂಚ್ ಮಾಡಿದ ನೋಮಿ ಪಾತ್ರಕ್ಕೆ ಕೊಟ್ಟರು ನೋಡಿ, ಆಗ ಎಲ್ಲರಿಗೂ ವಂಶಾವಳಿ ನೆನಪಾಯಿತು.

ಪ್ರಶ್ನೆ: ನಮ್ಮಲ್ಲೂ ಒಬ್ಬ ಗೂಢಚಾರರಿದ್ದರು...

ವಾಲ್ಥರ್: ಸಿಐಡಿ 999 ತಾನೇ? ಗೊತ್ತು. 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ನಾಲ್ಕು ಚಿತ್ರ, ನಾಲ್ಕಕ್ಕೂ ದೊರೈ-ಭಗವಾನ್, ನಾಲ್ಕಕ್ಕೂ ರಾಜ್‌ಕುಮಾರ್. ಅವರ ಜಾಗಕ್ಕೆ ಇನ್ನೊಬ್ಬರನ್ನು ತರೋ ಯೋಚನೆ ಮಾಡಿದ್ದರೆ ಗಾಂಧಿನಗರದಲ್ಲಿ ಏನಾಗ್ತಿತ್ತು ಅಂತ ನಿಮಗೇ ಗೊತ್ತು. ನಿಮ್ಮಲ್ಲಿ ನಟ ದೊಡ್ಡವ, ನಂಬರು ಚಿಕ್ಕದು. ನಮ್ಮಲ್ಲಿ ತಿರುವುಮುರುವು. 2021ರಲ್ಲಿ ಬಾಂಡ್ ಕ್ಷಿಪಣಿ ಬಿದ್ದು ಸತ್ತ. ತಿಥಿಗೂ ಕಾಯದೆ ‘ಮತ್ತೆ ಬರುತ್ತಾನೆ’ ಅಂತ ತೆರೆಯ ಮೇಲೆ ಹಾಕಿದರು.

ಪ್ರಶ್ನೆ: 2025ರ ಫೆಬ್ರವರಿಯಲ್ಲಿ ನಿರ್ಮಾಪಕ ಬ್ರಾಕಲಿ ಕುಟುಂಬ ಬಾಂಡ್ ಚಿತ್ರಗಳ ಸೃಜನಾತ್ಮಕ ಹಿಡಿತವನ್ನು ಅಮೆಜಾನ್‌ಗೆ ಬಿಟ್ಟುಕೊಟ್ಟಿತು. ಹೊಸ ಧಣಿಗಳು ಹೇಗೆ?

ವಾಲ್ಥರ್: ಅಕ್ಟೋಬರಿನಲ್ಲಿ ಬಾಂಡ್ ದಿನಾಚರಣೆ ಹೊತ್ತಿಗೆ ಪ್ರೈಮ್ ವಿಡಿಯೊದ ಪೋಸ್ಟರುಗಳಲ್ಲಿ ನನ್ನನ್ನು ಅಳಿಸಿಹಾಕಿದ್ದರು. ಹಿಡಿಯೋ ಭಂಗಿ ಹಾಗೇ ಇದೆ, ಹಿಡಿದದ್ದು ಮಾತ್ರ ಮಾಯ. ಕೊಲ್ಲೋದಕ್ಕೆ ಲೈಸೆನ್ಸ್ ಉಂಟು, ಸಾಮಾನಿಲ್ಲ. ಅಭಿಮಾನಿಗಳು ಗಲಾಟೆ ಮಾಡಿದ ಮೇಲೆ ಆ ಚಿತ್ರ ತೆಗೆದು ಬೇರೆ ಹಾಕಿದರು. ಅದರಲ್ಲೂ ನಾನಿಲ್ಲ. ಆರು ಜನ ಬಂದು ಹೋದರು, ನಾನೊಬ್ಬ ಕಾಯಂ ಅಂತ ಬೀಗ್ತಿದ್ದೆ ನೋಡಿ.

ಪ್ರಶ್ನೆ: ಹೊಸ ನಟನಿಗೆ ಏನಾದರೂ ಹೇಳುವುದಿದೆಯೇ?

ವಾಲ್ಥರ್: ಕೋಟು ಹೊಲಿಸುವಾಗ ಎಡ ಕಂಕುಳ ಹತ್ತಿರ ಎರಡು ಬೆರಳು ಸಡಿಲ ಬಿಡೋಕೆ ದರ್ಜಿಗೆ ಹೇಳಲಿ. ನಾನು ಹೇಳಿದೆ ಅಂತ ಮಾತ್ರ ಧಣಿಗಳ ಕಿವಿಗೆ ಹಾಕಬೇಡಿ.