ಮುಚ್ಚಿದ ಲಕೋಟೆ ಬಾಯಿ ಬಿಟ್ಟಾಗ

ಇಂಗ್ಲೆಂಡಿನ ಒಂದು ಬಂಗಲೆಯಲ್ಲಿ ಡಾಕ್ಟರ್ ಬ್ಲ್ಯಾಕ್ ಎಂಬ ಗೃಹಸ್ಥರು 1949ರಿಂದ ಬಿಡುವಿಲ್ಲದೆ ಕೊಲೆಯಾಗುತ್ತಿದ್ದಾರೆ. ಪೊಲೀಸರು ಇನ್ನೂ ಬಂದಿಲ್ಲ. ಸ್ಥಳ ಮಹಜರು ಆಗಿಲ್ಲ. ಸತ್ತದ್ದು ಹಗ್ಗಕ್ಕೋ ಗುಂಡಿಗೋ ಎಂದು ಹೆಣ ನೋಡಿ ಹೇಳಬಲ್ಲ ಒಬ್ಬ ಕಾಂಪೌಂಡರ್ ಕೂಡ ಆ ಸೀಮೆಯಲ್ಲಿಲ್ಲ. ಮನೆಯಲ್ಲಿದ್ದ ಆರು ಜನವೇ ಶಂಕಿತರು, ಅವರೇ ತನಿಖಾಧಿಕಾರಿಗಳು. ಅಮೆರಿಕದವರು ಈ ಬೋರ್ಡ್ ಆಟವನ್ನು ಕ್ಲೂ ಎನ್ನುತ್ತಾರೆ, ಸತ್ತವರ ಹೆಸರನ್ನೂ ಮಿಸ್ಟರ್ ಬಾಡಿ ಎಂದು ಬದಲಿಸಿಕೊಂಡಿದ್ದಾರೆ. ನಮ್ಮ ಆಟಿಕೆ ಅಂಗಡಿಗಳಲ್ಲಿ ಇದು ಕ್ಲೂಡೋ. ನಿಜ ಗೊತ್ತಿರುವುದು ಬೋರ್ಡಿನ ನಟ್ಟನಡುವೆ ಕೂತ ಅಂಗೈಯಗಲದ ಲಕೋಟೆಗೆ ಒಂದಕ್ಕೇ. ಅದನ್ನು ಹಿಡಿದು ಮಾತಾಡಿಸಿದೆವು.

ಪ್ರಶ್ನೆ: ನಮಸ್ಕಾರ. ಸುತ್ತಿ ಬಳಸಿ ಕೇಳುವುದಿಲ್ಲ. ಕೊಂದವರು ಯಾರು?

ಲಕೋಟೆ: ಬಂದು ಕೂತು ಒಂದು ಲೋಟ ನೀರು ಕುಡಿದಿಲ್ಲ, ಆಗಲೇ ಆರೋಪಪಟ್ಟಿ ಬೇಕು! ನೀವು ಟಿವಿಯವರಾ?

ಪ್ರಶ್ನೆ: ಅಲ್ಲ ಸ್ವಾಮಿ, ಪತ್ರಿಕೆಯವರು.

ಲಕೋಟೆ: ಹಾಗಾದರೆ ಬರೆದುಕೊಳ್ಳಿ. ಒಟ್ಟು 21 ಕಾರ್ಡು. ಶಂಕಿತರದ್ದು 6, ಆಯುಧದ್ದು 6, ಕೋಣೆಯದ್ದು 9. ಮೂರು ಕಟ್ಟನ್ನೂ ಬೇರೆ ಬೇರೆ ಕಲಸಿ, ಒಂದೊಂದರಿಂದ ಒಂದೊಂದು ಕಾರ್ಡು ಎತ್ತಿ, ಯಾರೂ ಮುಖ ನೋಡದ ಹಾಗೆ ನನ್ನ ಹೊಟ್ಟೆಗೆ ಸೇರಿಸುತ್ತಾರೆ. ಉಳಿದ 18 ಒಟ್ಟಿಗೆ ಕಲಸಿ ಆಟಗಾರರಿಗೆ ಹಂಚುತ್ತಾರೆ. ನಿಮ್ಮ ಕೈಗೆ ಬಂದ ಕಾರ್ಡೆಲ್ಲ ನಿರಪರಾಧಿ. ಯಾರ ಕೈಯಲ್ಲೂ ಇಲ್ಲದ್ದು ಅಪರಾಧ. ಇಷ್ಟೇ ಕಾನೂನು.

ಪ್ರಶ್ನೆ: ಅಂದರೆ ಕೊಲೆಗಾರನನ್ನು ಚೀಟಿ ಎತ್ತಿ ಆರಿಸುತ್ತೀರಿ!

ಲಕೋಟೆ: ಮತ ಸಮಸಮ ಬಂದರೆ ಗ್ರಾಮ ಪಂಚಾಯಿತಿಯಲ್ಲಿ ನೀವು ಮಾಡುವುದೂ ಅದನ್ನೇ. ನಮ್ಮಲ್ಲಿ ಎತ್ತಿದ ಚೀಟಿ ಯಾರಿಗೂ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. 6, 6, 9 ಗುಣಿಸಿ ನೋಡಿ: 324 ಬಗೆಯ ಕೊಲೆ. ಹೆದರಬೇಡಿ, ಕೈಯಲ್ಲಿರುವ ಕಾರ್ಡು ನೋಡಿದ ಕೂಡಲೇ ಸುಮಾರು ಮೂರರಲ್ಲಿ ಎರಡು ಪಾಲು ಹೊರೆ ಇಳಿದುಹೋಗುತ್ತದೆ. ಮೂವರು ಆಡಿದರೆ ತಲೆಗೆ ಆರು ಕಾರ್ಡು. ಅದರಲ್ಲಿ ಇಬ್ಬರು ಶಂಕಿತರು, ಎರಡು ಆಯುಧ, ಎರಡು ಕೋಣೆ ಬಂತೆನ್ನಿ. ಮಿಕ್ಕಿದ್ದು 4, 4, 7. ಅಲ್ಲಿಗೆ 112. ದಾಳ ಹಾಕುವ ಮೊದಲೇ 212 ಕೊಲೆಗಳು ಖುಲಾಸೆ!

ಪ್ರಶ್ನೆ: ಕೊಲೆಗೆ ಕಾರಣ ಏನು? ಆಸ್ತಿಯೋ, ಅಸೂಯೆಯೋ?

ಲಕೋಟೆ: ಕಾರಣದ ಕಾರ್ಡು ಅಚ್ಚೇ ಆಗಿಲ್ಲ. ಯಾರು, ಯಾವುದರಿಂದ, ಎಲ್ಲಿ ಎಂದು ಕೇಳುತ್ತಾರೆ. ಯಾಕೆ ಎಂದು ಒಬ್ಬರೂ ಕೇಳಿಲ್ಲ, ಡಾಕ್ಟರ್ ಬ್ಲ್ಯಾಕ್ ಅವರಿಗೆ ಅದೊಂದೇ ಕೊರಗು. ಮೂರು ಕಾರ್ಡು ಹೊಂದಿತೋ, ಕೇಸು ಮುಗಿಯಿತು, ಊಟಕ್ಕೆ ಎದ್ದರು.

ಪ್ರಶ್ನೆ: ನಮ್ಮ ಎನ್. ನರಸಿಂಹಯ್ಯನವರ ಕಾದಂಬರಿಯ ಪತ್ತೇದಾರ ಪುರುಷೋತ್ತಮ ಇದ್ದಿದ್ದರೆ ಬಿಡುತ್ತಿರಲಿಲ್ಲ.

ಲಕೋಟೆ: ಕೇಳಿ ಬಲ್ಲೆ. ಅಂಥ ಪುಸ್ತಕಗಳನ್ನು ಬಾಡಿಗೆ ಲೈಬ್ರರಿಯಿಂದ ತಂದರೆ ಎಷ್ಟೋ ಸಲ ಕೊನೆಯ ಹಾಳೆಯೇ ಇರುತ್ತಿರಲಿಲ್ಲವಂತೆ. ಕೊಲೆಗಾರನನ್ನು ಓದುಗರೇ ಊಹಿಸಿಕೊಂಡು ಪುಸ್ತಕ ವಾಪಸ್ ಕೊಡಬೇಕು. ಅದಕ್ಕಿಂತ ಕಷ್ಟದ ಆಟ ನಮ್ಮದಲ್ಲ, ಒಪ್ಪುತ್ತೇನೆ.

ಪ್ರಶ್ನೆ: ತನಿಖೆ ಹೇಗೆ ನಡೆಯುತ್ತದೆ?

ಲಕೋಟೆ: ದಾಳ ಹಾಕಿ, ಕಾಯಿ ನಡೆಸಿ, ಒಂದು ಕೋಣೆ ಹೊಗಬೇಕು. ಯಾವ ಕೋಣೆಯಲ್ಲಿದ್ದೀರೋ ಆ ಕೋಣೆಯ ಬಗ್ಗೆ ಮಾತ್ರ ಗುಮಾನಿ ಪಡಬಹುದು. ‘ಮಿಸೆಸ್ ಪೀಕಾಕ್, ಹಗ್ಗದಿಂದ, ಇದೇ ಲೈಬ್ರರಿಯಲ್ಲಿ’ ಅಂದಿರಿ ಎನ್ನಿ. ನಿಮ್ಮ ಎಡಗಡೆ ಕೂತವರು ಮೊದಲು ಉತ್ತರ ಕೊಡಬೇಕು. ಮೂರರಲ್ಲಿ ಒಂದು ಅವರ ಕೈಯಲ್ಲಿದ್ದರೆ ಅದನ್ನು ನಿಮಗೊಬ್ಬರಿಗೇ ಗುಟ್ಟಾಗಿ ತೋರಿಸಬೇಕು. ಎರಡೋ ಮೂರೋ ಇದ್ದರೂ ತೋರಿಸುವುದು ಒಂದೇ, ಯಾವುದು ಅನ್ನುವುದು ಅವರ ಇಷ್ಟ. ಒಂದೂ ಇಲ್ಲದಿದ್ದರೆ ‘ಇಲ್ಲ’ ಅನ್ನಬೇಕು, ಮುಂದಿನವರ ಸರದಿ. ಒಬ್ಬರು ತೋರಿಸಿದ ಕೂಡಲೇ ಕೇಳುವುದು ನಿಂತಿತು.

ಇನ್ನೊಂದು. ಗುಮಾನಿ ಬಂದವರ ಕಾಯಿಯನ್ನು ಆ ಕೋಣೆಗೇ ಎಳೆದು ತರುತ್ತಾರೆ. ಪೀಕಾಕ್ ಕಾಯಿಯವರು ಪಾಪ, ನಾಲ್ಕು ಸರದಿ ದಾಳ ಹಾಕಿ ಅಡುಗೆಮನೆ ಬಾಗಿಲಿಗೆ ಬಂದಿರುತ್ತಾರೆ. ಎಳೆದು ಲೈಬ್ರರಿಗೆ ಹಾಕಿದರೆ ಮುಗಿಯಿತು. ನೋಟಿಸ್ ಇಲ್ಲ, ತಡೆಯಾಜ್ಞೆ ಇಲ್ಲ, ಎದೆನೋವು ಬಂದು ಆಸ್ಪತ್ರೆ ಸೇರುವ ಅನುಕೂಲವೂ ಇಲ್ಲ.

ಪ್ರಶ್ನೆ: ಅಷ್ಟು ದೂರ ನಡೆಯಲೇಬೇಕಾ?

ಲಕೋಟೆ: ಮೂಲೆಯ ಕೋಣೆಗಳಿಗೆ ಕಳ್ಳದಾರಿ ಇದೆ. ಅಡುಗೆಮನೆಯಿಂದ ಸ್ಟಡಿಗೆ, ಲೌಂಜಿನಿಂದ ಕನ್ಸರ್ವೇಟರಿಗೆ, ಬೋರ್ಡಿನ ಈ ಮೂಲೆಯಿಂದ ಆ ಮೂಲೆಗೆ ದಾಳವೇ ಇಲ್ಲದೆ ಹೋಗಬಹುದು. ಪ್ರತಿ ಸರದಿಗೂ ಹೊಸ ಕೋಣೆ, ಹೊಸ ಗುಮಾನಿ. ದಾಳವನ್ನೇ ನಂಬಿ ಪಡಸಾಲೆಯಲ್ಲಿ ಅಡ್ಡಾಡುವವರು ಗೆದ್ದದ್ದನ್ನು ನಾನಂತೂ ನೋಡಿಲ್ಲ.

ಪ್ರಶ್ನೆ: ಹಾಗಾದರೆ ಗೆಲ್ಲುವವರು ಯಾರು?

ಲಕೋಟೆ: ಬೇರೆಯವರ ಸರದಿಯಲ್ಲಿ ಮೊಬೈಲು ನೋಡದವರು. ನಾನು ಈಗ ಇರುವ ಮನೆಯಲ್ಲಿ ನಾಲ್ವರು ಆಡುತ್ತಾರೆ: ಅಳಿಯ, ಅತ್ತೆ, ಮೊಮ್ಮಗಳು, ಬ್ಯಾಂಕಿನಲ್ಲಿ ಲೆಡ್ಜರು ಬರೆದು ನಿವೃತ್ತರಾದ ಚಿಕ್ಕಪ್ಪ. ಮೂವರು ತಮಗೆ ತೋರಿಸಿದ ಕಾರ್ಡಿಗೆ ಮಾತ್ರ ಹಾಳೆಯಲ್ಲಿ ಗೆರೆ ಎಳೆಯುತ್ತಾರೆ. ಚಿಕ್ಕಪ್ಪ ಹಾಗಲ್ಲ, ಹಾಳೆ ಕೈಗೆ ಬಂದ ಕೂಡಲೇ ಆಳಿಗೊಂದು ಕಾಲಂ ಹಾಕುತ್ತಾರೆ. ಮೊನ್ನೆ ಅಳಿಯ ಕೇಳಿದ: ‘ಪ್ರೊಫೆಸರ್ ಪ್ಲಮ್, ಸ್ಪ್ಯಾನರು, ಅಡುಗೆಮನೆ.’ ಅತ್ತೆ ಇಲ್ಲ ಅಂದರು. ಹುಡುಗಿ ಏನೋ ಒಂದು ತೋರಿಸಿದಳು. ಏನು ಅಂತ ಚಿಕ್ಕಪ್ಪನಿಗೆ ಕಾಣಲಿಲ್ಲ. ಅತ್ತೆಯ ಕಾಲಮ್ಮಿನಲ್ಲಿ ಮೂರು ಸೊನ್ನೆ ಸುತ್ತಿದರು. ಹುಡುಗಿಯ ಕಾಲಮ್ಮಿನಲ್ಲಿ ಆ ಮೂರರ ಪಕ್ಕ ಒಂದೊಂದು ಚುಕ್ಕೆ ಇಟ್ಟರು. ಪ್ಲಮ್ ಚಿಕ್ಕಪ್ಪನ ಕೈಯಲ್ಲೇ ಇದ್ದ, ಆ ಚುಕ್ಕೆ ಹೋಯಿತು. ಎರಡು ಸುತ್ತು ಕಳೆದ ಮೇಲೆ ಅಡುಗೆಮನೆಯ ಕಾರ್ಡನ್ನು ಅಳಿಯನೇ ಅವರಿಗೆ ತೋರಿಸಬೇಕಾಗಿ ಬಂತು. ಆ ಚುಕ್ಕೆಯೂ ಹೋಯಿತು. ಉಳಿದದ್ದು ಸ್ಪ್ಯಾನರು. ಹುಡುಗಿ ಅಪ್ಪನಿಗೆ ಗುಟ್ಟಾಗಿ ತೋರಿಸಿದ್ದು ಅದನ್ನೇ. ಯಾರೂ ತೋರಿಸದ ಕಾರ್ಡನ್ನು ಚಿಕ್ಕಪ್ಪ ಓದಿಬಿಟ್ಟರು! ‘ಇಲ್ಲ’ ಅಂದವರು ಮೂರು ಕಾರ್ಡಿನ ಗುಟ್ಟು ಬಿಟ್ಟುಕೊಡುತ್ತಾರೆ, ‘ಇದೆ’ ಅಂದವರು ಹೆಚ್ಚೆಂದರೆ ಒಂದರದ್ದು. ಜನ ‘ಇದೆ’ಯ ಹಿಂದೆಯೇ ಓಡುತ್ತಾರೆ.

ಪ್ರಶ್ನೆ: ಒಂದು ನಿಮಿಷ. ಅಡುಗೆಮನೆ ಅಳಿಯನ ಕೈಯಲ್ಲೇ ಇತ್ತಲ್ಲ. ಮತ್ತೆ ಅದರ ಬಗ್ಗೆ ಗುಮಾನಿ ಪಟ್ಟದ್ದು ಮೋಸ ಅಲ್ಲವಾ?

ಲಕೋಟೆ: ಗುಮಾನಿ ಪಡುವುದು ಸುಳ್ಳಾಗುವುದಿಲ್ಲ. ನಿಮ್ಮ ಕೈಯಲ್ಲಿ ಹಗ್ಗವೂ ಲೌಂಜೂ ಇದೆ ಎನ್ನಿ. ಲೌಂಜಿಗೆ ಹೋಗಿ ‘ಪೀಕಾಕ್, ಹಗ್ಗ, ಲೌಂಜು’ ಅನ್ನಿ. ಯಾರಾದರೂ ತೋರಿಸಿದರೆ ಅದು ಪೀಕಾಕ್ ಅಲ್ಲದೆ ಬೇರೆ ಆಗಲು ಸಾಧ್ಯವಿಲ್ಲ. ಯಾರೂ ತೋರಿಸದಿದ್ದರೆ ಪೀಕಾಕ್ ನನ್ನ ಹೊಟ್ಟೆಯಲ್ಲಿದ್ದಾಳೆ. ಮಿಕ್ಕವರು ಹಗ್ಗ, ಲೌಂಜು ಎಂದು ಬಡಬಡನೆ ಬರೆದುಕೊಳ್ಳುತ್ತಾರೆ, ಬರೆದುಕೊಳ್ಳಲಿ. ಆದರೆ ಕೈಯಲ್ಲಿ ಕಾರ್ಡಿದ್ದೂ ಇಲ್ಲ ಅಂದರೆ ಮಾತ್ರ ಇಡೀ ತನಿಖೆಯೇ ಕೆಟ್ಟಿತು. ಬೇಕೆಂದು ಮಾಡುವವರು ಕಡಿಮೆ, ಟಿವಿ ನೋಡುತ್ತ ಮಾಡುವವರು ಜಾಸ್ತಿ.

ಪ್ರಶ್ನೆ: ನನಗೆ ಎಲ್ಲಾ ಗೊತ್ತಾಯಿತು ಅನ್ನಿಸಿದಾಗ?

ಲಕೋಟೆ: ಆಗ ಆರೋಪ. ಗುಮಾನಿ ಎಷ್ಟು ಸಲ ಬೇಕಾದರೂ ಪಡಬಹುದು, ಆರೋಪಕ್ಕೆ ಒಂದೇ ಅವಕಾಶ. ಮೂರನ್ನೂ ಜೋರಾಗಿ ಹೇಳಿ, ನನ್ನನ್ನು ತೆರೆದು, ತಾನೊಬ್ಬನೇ ನೋಡಬೇಕು. ಸರಿಯಾಗಿದ್ದರೆ ಗೆದ್ದ. ಒಂದು ತಪ್ಪಿದರೂ ಕಾರ್ಡನ್ನು ಹಾಗೇ ಒಳಗಿಟ್ಟು ಆಟದಿಂದ ಆಚೆ. ಎದ್ದು ಹೋಗುವಂತೆಯೂ ಇಲ್ಲ. ನಿಜ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು, ಬೇರೆಯವರು ಕೇಳಿದಾಗ ತನ್ನ ಕಾರ್ಡು ತೋರಿಸುತ್ತ ಕೊನೆವರೆಗೂ ಕೂತಿರಬೇಕು.

ಪ್ರಶ್ನೆ: ಬಹಳ ಕಠಿಣವಾಯಿತು.

ಲಕೋಟೆ: ನಿಮಗೆ ಕಠಿಣ ಅನ್ನಿಸುತ್ತದೆ, ಯಾಕೆಂದರೆ ನಿಮ್ಮ ಕಡೆ ಸುಳ್ಳು ಆರೋಪಕ್ಕೆ ಖರ್ಚೇ ಇಲ್ಲ. ಈ ಒಂದು ನಿಯಮವನ್ನು ರಾತ್ರಿ ಒಂಬತ್ತು ಗಂಟೆಯ ಟಿವಿ ಚರ್ಚೆಗೆ ಹಾಕಿ ನೋಡಿ. ಒಂಬತ್ತೂಕಾಲಿಗೆ ಎಲ್ಲ ಕಿಟಕಿಯೂ ಖಾಲಿ, ನಿರೂಪಕರೂ ಸೇರಿದಂತೆ. ವಿಧಾನಸಭೆಯಲ್ಲಿ ‘ದಾಖಲೆ ನನ್ನ ಜೇಬಿನಲ್ಲಿದೆ, ಸಮಯ ಬಂದಾಗ ಬಿಡುಗಡೆ ಮಾಡುತ್ತೇನೆ’ ಅನ್ನುವವರಿಗೆ ಹಾಕಿ. ಜೇಬು ತೆರೆದು ನೋಡುವುದು, ಇಲ್ಲದಿದ್ದರೆ ಅವಧಿ ಮುಗಿಯುವ ತನಕ ಸುಮ್ಮನೆ ಕೂತು ಮಿಕ್ಕವರು ಕೇಳಿದ್ದಕ್ಕೆ ಉತ್ತರ ಕೊಡುವುದು. ಕಲಾಪ ಎಷ್ಟು ಚೆನ್ನಾಗಿ ನಡೆಯುತ್ತದೆ!

ಪ್ರಶ್ನೆ: ನೀವೇನು ಕಡಿಮೆ? ನಿಮ್ಮಲ್ಲಿ ಶಂಕಿತರೇ ತನಿಖಾಧಿಕಾರಿಗಳು.

ಲಕೋಟೆ: ಅದೊಂದು ಸರಿಯಾಗಿ ಹಿಡಿದಿರಿ. ಮಿಸ್ ಸ್ಕಾರ್ಲೆಟ್ ಕಾಯಿ ಆಡುತ್ತಿದ್ದವರು ಶ್ರಮಪಟ್ಟು ತನಿಖೆ ಮಾಡಿ, ನನ್ನನ್ನು ತೆರೆದರೆ ಒಳಗೆ ಮಿಸ್ ಸ್ಕಾರ್ಲೆಟ್ಟೇ! ಕೊಲೆಗಾರ್ತಿ ತಾನೇ ಎಂದು ಪತ್ತೆ ಹಚ್ಚಿದ್ದಕ್ಕೆ ಚಪ್ಪಾಳೆ, ಬಹುಮಾನ. ಇಂಥ ವರದಿಗಳು ನಿಮ್ಮ ಕಪಾಟುಗಳಲ್ಲಿ ಬಹಳ ಇವೆ ಎಂದು ಕೇಳಿದ್ದೇನೆ. ಒಂದೇ ಸಮಾಧಾನ: ನಮ್ಮಲ್ಲಿ ತಾನೇ ತಪ್ಪಿತಸ್ಥ ಎಂದು ತನಿಖಾಧಿಕಾರಿ ಒಪ್ಪಿಕೊಳ್ಳುತ್ತಾನೆ.

ಪ್ರಶ್ನೆ: ನಿಮ್ಮ ಬಂಧುಬಳಗ ನಮ್ಮಲ್ಲಿ ಪ್ರಸಿದ್ಧ. ಮುಖ್ಯಮಂತ್ರಿಯ ಹೆಸರು ಹೊತ್ತು ದೆಹಲಿಯಿಂದ ವಿಮಾನದಲ್ಲಿ ಬಂದ ಲಕೋಟೆಗಳಿವೆ.

ಲಕೋಟೆ: ಆ ಕವಲಿನವರು ನಮ್ಮನ್ನು ಮಾತಾಡಿಸುವುದಿಲ್ಲ. ಶಾಸಕರೆಲ್ಲ ಸಾಲಾಗಿ ಕೂತು ಅಭಿಪ್ರಾಯ ಹೇಳುತ್ತಾರೆ, ವೀಕ್ಷಕರು ಬರೆದುಕೊಳ್ಳುತ್ತಾರೆ, ಆಮೇಲೆ ಲಕೋಟೆ ತೆರೆಯುತ್ತಾರೆ. ಬರೆದುಕೊಂಡದ್ದಕ್ಕೂ ಒಳಗಿದ್ದದ್ದಕ್ಕೂ ಸಂಬಂಧ ಇರಲೇಬೇಕೆಂದು ಅಲ್ಲಿ ಕಾನೂನಿಲ್ಲ. ಕೋರ್ಟಿನ ಕವಲಿಗೆ ಈಚೆಗೆ ಕಾಲ ಸರಿಯಿಲ್ಲ. ಮಲಯಾಳಂನ ಮೀಡಿಯಾ ಒನ್ ವಾಹಿನಿಯ ಪ್ರಕರಣದಲ್ಲಿ, 2023ರ ಏಪ್ರಿಲ್‌ನಲ್ಲಿ, ಮುಚ್ಚಿದ ಲಕೋಟೆಯ ಪದ್ಧತಿ ಸಹಜ ನ್ಯಾಯಕ್ಕೆ ಧಕ್ಕೆ ತರುತ್ತದೆ ಎಂದು ಸುಪ್ರೀಂ ಕೋರ್ಟೇ ಹೇಳಿತು. ಎದುರು ಕಕ್ಷಿಗೆ ತೋರಿಸದೆ ನ್ಯಾಯಾಧೀಶರಿಗೆ ಮಾತ್ರ ಕೊಡುವುದು ತಪ್ಪು ಅಂತ. ಸರಿಯೇ. ನನ್ನನ್ನು ನೋಡಿ: ಆಟ ಮುಗಿದ ಮೇಲೆ ಮೂರು ಕಾರ್ಡನ್ನೂ ಎಲ್ಲರೆದುರು ಇಡುತ್ತೇನೆ. ಸೋತ ಮಗುವೂ ಮುಟ್ಟಿ ನೋಡಬಹುದು.

ಪ್ರಶ್ನೆ: ನಿಮ್ಮ ಹುಟ್ಟು?

ಲಕೋಟೆ: ಬರ್ಮಿಂಗ್‌ಹ್ಯಾಮಿನ ಆಂಟನಿ ಪ್ರ್ಯಾಟ್ ಎಂಬ ಸಂಗೀತಗಾರರು ಹೋಟೆಲುಗಳಲ್ಲಿ ಪಿಯಾನೊ ನುಡಿಸುತ್ತಿದ್ದರು. ಅಲ್ಲಿ ಅತಿಥಿಗಳು ಕೊಲೆ ಪತ್ತೆಯ ಆಟ ಆಡುವುದನ್ನು ನೋಡಿದ್ದರು. ಮಹಾಯುದ್ಧ ಬಂತು, ದೀಪ ಆರಿಸಿ ಕೂರುವ ರಾತ್ರಿಗಳು ಬಂದವು, ಪ್ರ್ಯಾಟ್ ಟ್ಯಾಂಕಿನ ಬಿಡಿಭಾಗ ಮಾಡುವ ಕಾರ್ಖಾನೆ ಸೇರಿದರು. ಬೇಸರ ಕಳೆಯಲು ಕಟ್ಟಿದ್ದು ಈ ಆಟ. ಬೋರ್ಡು ಬರೆದದ್ದು ಅವರ ಹೆಂಡತಿ ಎಲ್ವಾ. ಮೊದಲ ಕರಡಿನಲ್ಲಿ ಕೊಡಲಿ, ಬಾಂಬು, ಸಿರಿಂಜು ಎಲ್ಲ ಇದ್ದವು. 1944ರ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1947ರಲ್ಲಿ ಸಿಕ್ಕಿತು. ಯುದ್ಧ ಮುಗಿದರೂ ಸಾಮಗ್ರಿಗೆ ಬರ, ಹಾಗಾಗಿ ಲೀಡ್ಸಿನ ವಾಡಿಂಗ್ಟನ್ಸ್ ಕಂಪನಿ ಮಾರಾಟಕ್ಕೆ ಇಳಿಸಿದ್ದು 1949ರಲ್ಲಿ. 1953ರಲ್ಲಿ ಪ್ರ್ಯಾಟ್ ವಿದೇಶದ ಹಕ್ಕುಗಳನ್ನು 5,000 ಪೌಂಡಿಗೆ ಮಾರಿಕೊಂಡರು. ಆಮೇಲೆ ಆಟ ಲೋಕವೆಲ್ಲ ಸುತ್ತಿತು, ಅವರು ಎಲ್ಲಿದ್ದಾರೆಂದು ಕಂಪನಿ ಮರೆಯಿತು. 1996ರಲ್ಲಿ ನೆನಪಾಗಿ, ಅವರ ಸುಳಿವು ಕೊಡಿ ಎಂದು ಸಾರ್ವಜನಿಕರನ್ನು ಕೇಳಿಕೊಂಡಿತು. ಅವರು 1994ರಲ್ಲೇ ತೀರಿಕೊಂಡಿದ್ದರು. ಪತ್ತೇದಾರಿ ಆಟ ಮಾರಿ ಬದುಕಿದ ಕಂಪನಿ!

ಪ್ರಶ್ನೆ: ಮನೆಯಲ್ಲಿ ಈಗ ಎಲ್ಲರೂ ಕ್ಷೇಮವೇ?

ಲಕೋಟೆ: ಅಡುಗೆಯ ಮಿಸೆಸ್ ವೈಟ್ ಅವರನ್ನು 67 ವರ್ಷದ ಸೇವೆಯ ನಂತರ 2016ರಲ್ಲಿ ತೆಗೆದು, ಡಾಕ್ಟರ್ ಆರ್ಕಿಡ್ ಎಂಬ ವಿಜ್ಞಾನಿಯನ್ನು ತಂದರು. ಪಿಂಚಣಿಯ ಮಾತೇ ಬರಲಿಲ್ಲ. 1985ರಲ್ಲಿ ಅಮೆರಿಕದವರು ನಮ್ಮ ಮೇಲೆ ಸಿನಿಮಾ ತೆಗೆದು ಬೇರೆ ಬೇರೆ ಚಿತ್ರಮಂದಿರಕ್ಕೆ ಬೇರೆ ಬೇರೆ ಅಂತ್ಯ ಕಳಿಸಿದರು, ಒಟ್ಟು ಮೂರು. ಕೊಲೆಗಾರ ಯಾರು ಅನ್ನುವುದು ಯಾವ ಟಾಕೀಸಿಗೆ ಹೋದಿರಿ ಅನ್ನುವುದರ ಮೇಲೆ! ಅದನ್ನು ಮಾತ್ರ ನಾನು ಕ್ಷಮಿಸಿಲ್ಲ.

ಪ್ರಶ್ನೆ: ಕೊನೆಗೆ, ನಮ್ಮ ಓದುಗರಿಗೆ?

ಲಕೋಟೆ: ಆಡಲು ಕೂರುವ ಮುಂಚೆ ಕಾರ್ಡು ಎಣಿಸಿ. 21 ಇರಬೇಕು. ಒಂದು, ರೆವರೆಂಡ್ ಗ್ರೀನ್ ಎನ್ನಿ, ಸೋಫಾದಡಿ ಸೇರಿ 20 ಉಳಿದಿದ್ದರೆ, ಅದನ್ನು ಯಾರೂ ತೋರಿಸಲಾರರು, ಯಾರೂ ತೋರಿಸದ್ದು ನನ್ನೊಳಗೇ ಇರಬೇಕೆಂದು ಎಲ್ಲರೂ ನಂಬುತ್ತಾರೆ. ಆ ದಿನ ಬಂಗಲೆಯಲ್ಲೇ ಇರದ ರೆವರೆಂಡ್ ಗ್ರೀನ್ ಕೊಲೆಗಾರ ಆಗುತ್ತಾರೆ, ಜಾಣತನದಿಂದ ಲೆಕ್ಕ ಹಾಕಿದವರು ಆಟದಿಂದ ಆಚೆ ಹೋಗುತ್ತಾರೆ. ಕಾರ್ಡು ಸಿಗಲೇ ಇಲ್ಲವೇ, ಎಲ್ಲರ ಹಾಳೆಯಲ್ಲೂ ಗ್ರೀನ್ ಹೆಸರು ಹೊಡೆದುಹಾಕಿ ಐವರನ್ನೇ ಇಟ್ಟುಕೊಂಡು ಆಡಿ. ಆಗಲೂ 270 ಬಗೆಯ ಕೊಲೆ ಉಳಿಯುತ್ತದೆ. ಒಂದು ಭಾನುವಾರಕ್ಕೆ ಅಷ್ಟು ಸಾಕು.