ಬಿಸಿಲಿಗೂ ಸರದಿ

ಸೆಪ್ಟೆಂಬರ್ ಬಂತೆಂದರೆ ಕೊಡಗಿನ ಮನೆಗಳಲ್ಲಿ ಆಸ್ತಿಗಿಂತ ಬಿಸಿಲಿಗೇ ಹೆಚ್ಚು ಜಗಳ. ಮಳೆಗಾಲವಿಡೀ ಬೂಷ್ಟು ಹಿಡಿದ ಕಂಬಳಿ, ಬೆಲ್ಟು, ಮದುವೆ ಆಲ್ಬಮ್ಮು ಎಲ್ಲವೂ ಅಂಗಳಕ್ಕೆ ಬರುತ್ತವೆ. ಹಿಂದೆಯೇ ಮಳೆಯೂ ಬರುತ್ತದೆ.

ನಾಟಿ ಮುಗಿದು ಆಯುಧಗಳ ಹಬ್ಬ ಕೈಲ್‌ಪೊಳ್ದ್ ಬರುವುದೂ ಆಗಲೇ, ಸಾಮಾನ್ಯವಾಗಿ 3ನೇ ತಾರೀಕು. ಒಡಿಕತ್ತಿ, ಪೀಚೆಕತ್ತಿಗಳ ಜೊತೆ ಕೋವಿಗೂ ಪೂಜೆ. ಅದರ ನಳಿಗೆಗೆ ಕೆಂಪು-ಹಳದಿ ತೋಕ್ ಪೂವಿನ ಅಲಂಕಾರ. ಮನೆಯ ಗಂಡಸರು ವರ್ಷದಲ್ಲಿ ಕೈಯಾರೆ ಒರೆಸುವ ಒಂದೇ ವಸ್ತು ಈ ಕೋವಿ ಎಂದು ಅತ್ತೆಯ ದೂರು. ಅವರು ಒಲೆ ಮುಂದೆ ಕಡಂಬುಟ್ಟು ಉಂಡೆ ಕಟ್ಟುತ್ತಾ, ಪಂದಿಕರಿಗೆ ಕಾಚಂಪುಳಿ ಬಿಡುತ್ತಾ ಹೇಳುವ ಮಾತಿಗೆ ಎದುರಾಡುವ ಧೈರ್ಯ ಕೋವಿ ಹಿಡಿದವರಿಗೂ ಇಲ್ಲ.

ಊಟಕ್ಕೆ ಮೊದಲು ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಮಾವನ ಗುಂಡು ತಪ್ಪಿದರೆ ಕಾರಣ ಗಾಳಿ, ಮಂಜು, ಹೊಸ ಕನ್ನಡಕ. ಕೊನೆಗೆ ಕಾಯಿಯೇ ಸಣ್ಣದು. ಪಕ್ಕದ ಮನೆಯ ಕಾಲೇಜು ಹುಡುಗಿ ಅದೇ ಸಣ್ಣ ಕಾಯಿಯನ್ನು ಒಡೆದು, ಫೋನು ನೋಡುತ್ತಾ ಹೋದಳು. ಮಾವ ಒಡನೆ ಮಾತು ತಿರುಗಿಸಿದರು: ಅವರ ಮುತ್ತಜ್ಜ ಹುಲಿ ಹೊಡೆದು ನರಿಮಂಗಲ ಮಾಡಿಸಿಕೊಂಡವರಂತೆ. ಹುಲಿ ಕೊಂದವನನ್ನು ಮದುಮಗನಂತೆ ಕೂರಿಸಿ ಗೌರವಿಸುತ್ತಿದ್ದ ಕಾಲವಿತ್ತು, ನಿಜ. ಆದರೆ ಆ ಹುಲಿ ಸತ್ತ ಮೇಲೂ ಪ್ರತಿ ಹಬ್ಬಕ್ಕೆ ಒಂದಡಿ ಬೆಳೆಯುತ್ತಿದೆ. ಕಾವೇರಿ ಸಂಕ್ರಮಣದ ಹೊತ್ತಿಗೆ ಬಾಲ ತಲಕಾವೇರಿ ತಲುಪಬಹುದು.